ಟಿನ್ ಮೀನಿನ ಸ್ಯಾಂಡ್‌ವಿಚ್: ಮನೆಗೆ ಸೈ, ಮಕ್ಕಳ ಡಬ್ಬಿಗೆ ಬೇಡ

ಸೂಪರ್ ಮಾರ್ಕೆಟ್‌ಗೆ ಹೋದಾಗ ನೀವೂ ಗಮನಿಸಿರಬಹುದು. ಸಾಸ್, ಜಾಮ್, ನೂಡಲ್ಸ್ ಸಾಲಿನ ಪಕ್ಕದಲ್ಲಿ ಅಂಗೈಯಗಲದ ದುಂಡನೆ ಟಿನ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ಮೇಲೊಂದು ಮೀನಿನ ಚಿತ್ರ, ‘ಟ್ಯೂನಾ’ ಅಂತ ಹೆಸರು. ಮೊದಲೆಲ್ಲ ಪೇಟೆಯ ದೊಡ್ಡ ಅಂಗಡಿಗಳಲ್ಲಷ್ಟೇ ಕಾಣುತ್ತಿದ್ದ ಈ ಟಿನ್ ಈಗ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಅಷ್ಟೇಕೆ, ಕೆಂಗೇರಿ ಉಪನಗರದಲ್ಲೂ ಸಿಗುತ್ತದೆ. ಮಕ್ಕಳು ಯಾವುದೋ ಕೆಫೆಯಲ್ಲಿ ಟ್ಯೂನಾ ಸ್ಯಾಂಡ್‌ವಿಚ್ ತಿಂದು ಬಂದು, ‘ಅಮ್ಮಾ, ನೀನೂ ಮಾಡು’ ಅಂತ ದುಂಬಾಲು ಬೀಳುತ್ತಾರೆ. ಮಾಡೋದು ಕಷ್ಟವಾ? ಖಂಡಿತ ಇಲ್ಲ. ಒಲೆ ಹಚ್ಚದೆಯೂ ಮಾಡಬಹುದಾದ, ಹದಿನೈದೇ ನಿಮಿಷದ ತಿಂಡಿ ಅದು.

ಕಷ್ಟ ಇರೋದು ಬೇರೆ ಕಡೆ. ಮಾಡಿದ್ದನ್ನು ಎಲ್ಲಿಡುತ್ತೀರಿ, ಎಷ್ಟು ಹೊತ್ತು ಇಡುತ್ತೀರಿ, ಯಾರಿಗೆ ಎಷ್ಟು ಕೊಡುತ್ತೀರಿ ಅನ್ನೋದರಲ್ಲಿ. ಬೆಳಿಗ್ಗೆ ಏಳಕ್ಕೆ ಕಟ್ಟಿದ ಡಬ್ಬಿಯನ್ನು ಮಗು ತೆರೆಯೋದು ಹನ್ನೆರಡೂವರೆಗೆ. ನಡುವಿನ ಆ ಐದೂವರೆ ಗಂಟೆಯ ಬಗ್ಗೆ ಈ ವಾರ ನಿಮ್ಮ ಜತೆ ಸ್ವಲ್ಪ ಗಂಭೀರವಾಗಿಯೇ ಮಾತಾಡಬೇಕಿದೆ. ಗಾಬರಿ ಬೇಡ. ಮೊದಲು ಮೀನಿನ ಪರಿಚಯ ಮಾಡಿಕೊಳ್ಳೋಣ, ಸ್ಯಾಂಡ್‌ವಿಚ್ ಮಾಡೋಣ, ಆಮೇಲೆ ಆ ವಿಚಾರ.

ನಮ್ಮ ಕೇದರ್ರೇ ಕಣ್ರೀ!

ಟ್ಯೂನಾ ಅಂದರೆ ಯಾವುದೋ ಪರದೇಶದ ಮೀನು ಅಂದುಕೊಂಡವರೇ ಹೆಚ್ಚು. ನಿಮ್ಮ ಬೀದಿಯಲ್ಲಿ ಮಂಗಳೂರು, ಉಡುಪಿ ಕಡೆಯವರಿದ್ದರೆ ಕೇಳಿ ನೋಡಿ, ‘ಓ, ಕೇದರ್ ಅಲ್ವಾ’ ಅಂತಾರೆ. ಕೇರಳದವರಿಗೆ ಇದೇ ಚೂರ. ಮಲ್ಪೆ ಬಂದರಿಗೂ ಮಂಗಳೂರಿನ ದಕ್ಕೆಗೂ ಬರುವ ಮೀನೇ ಇದು. ಆದರೆ ಅಂಜಲ್, ಮಾಂಜಿಗೆ ಇರುವ ಮರ್ಯಾದೆ ಇದಕ್ಕಿಲ್ಲ. ಮಾಂಸ ಕೆಂಪು, ಗಟ್ಟಿ, ವಾಸನೆ ಜಾಸ್ತಿ ಅನ್ನೋ ದೂರು. ಅದೇ ಮೀನಿನ ಜಾತಿ ಟಿನ್‌ನೊಳಗೆ ಕೂತು ಇಂಗ್ಲಿಷ್ ಹೆಸರು ಇಟ್ಟುಕೊಂಡು ಬಂದರೆ ಮಾತ್ರ ನಮಗೆ ಭಾರಿ ಫ್ಯಾಷನ್!

ಟಿನ್‌ಗೆ ತುಂಬುವುದು ಹೆಚ್ಚಾಗಿ ಸ್ಕಿಪ್‌ಜಾಕ್ ಅನ್ನೋ ಬಗೆ. ಲಕ್ಷದ್ವೀಪದ ಮಿನಿಕಾಯ್ ದ್ವೀಪದಲ್ಲಿ 1969ರಲ್ಲೇ ಟ್ಯೂನಾವನ್ನು ಟಿನ್ ಮಾಡುವ ಕಾರ್ಖಾನೆ ಶುರುವಾಗಿತ್ತು. ಅಲ್ಲಿಯವರು ಈ ಮೀನಿಗೆ ಬಲೆ ಬೀಸುವುದಿಲ್ಲ. ಜೀವಂತ ಮರಿಮೀನುಗಳನ್ನು ನೀರಿಗೆ ಎರಚಿ, ಮುತ್ತಿಕೊಂಡು ಬರುವ ಟ್ಯೂನಾವನ್ನು ಗಾಳದ ಕೋಲಿನಲ್ಲಿ ಒಂದೊಂದೇ ಎತ್ತಿ ದೋಣಿಗೆ ಹಾಕುತ್ತಾರೆ. ಬೇಯಿಸಿ, ಹೊಗೆ ಕೊಟ್ಟು, ಕಲ್ಲಿನ ಹಾಗೆ ಒಣಗಿಸಿದ ‘ಮಾಸ್’ ಅವರ ಮನೆಗಳ ದಾಸ್ತಾನು. ಈ ಮೀನನ್ನು ಕೆಡದಂತೆ ಇಡುವುದು ಎಷ್ಟು ದೊಡ್ಡ ಕೆಲಸ ಅನ್ನೋದು ಅವರಿಗೆ ಮೊದಲಿಂದ ಗೊತ್ತು.

ಸ್ಯಾಂಡ್‌ವಿಚ್ ಮಾತ್ರ ಅಮೆರಿಕದ್ದೇ. 1903ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊ ಬಂದರಿನಲ್ಲಿ ಸಾರ್ಡಿನ್, ಅಂದರೆ ನಮ್ಮ ಬೂತಾಯಿಯ ಬಳಗದ ಮೀನು, ಕೈಕೊಟ್ಟಿತಂತೆ. ಟಿನ್‌ಗಳು ಖಾಲಿ ಬಿದ್ದಿದ್ದವು, ಅವಕ್ಕೆ ಟ್ಯೂನಾ ತುಂಬಿದರು. ಅಲ್ಲಿನ ಗೃಹಿಣಿಯರು ಅದಕ್ಕೂ ಮುಂಚಿನಿಂದ ಉಳಿದ ಕೋಳಿ, ಮೀನನ್ನು ಮಯೋನೀಸ್‌ನಲ್ಲಿ ಕಲಸಿ ಸಲಾಡ್ ಮಾಡುತ್ತಿದ್ದರು. ರಾತ್ರಿ ಉಳಿದ ಅನ್ನಕ್ಕೆ ನಾವು ಬೆಳಿಗ್ಗೆ ಚಿತ್ರಾನ್ನದ ಒಗ್ಗರಣೆ ಹಾಕಲ್ವಾ, ಹಾಗೆ. ಟಿನ್ ಬಂದ ಮೇಲೆ ಆ ಜಾಗದಲ್ಲಿ ಟ್ಯೂನಾ ಕೂತಿತು.

ಮಾಡೋದು ಹೀಗೆ

ಮೂರು ಸ್ಯಾಂಡ್‌ವಿಚ್‌ಗೆ 185 ಗ್ರಾಂನ ಒಂದು ಟಿನ್ ಸಾಕು. ನೀರಿನಲ್ಲಿಟ್ಟದ್ದು, ಉಪ್ಪುನೀರಿನಲ್ಲಿಟ್ಟದ್ದು, ಎಣ್ಣೆಯಲ್ಲಿಟ್ಟದ್ದು ಅಂತ ಮೂರು ಬಗೆ ಸಿಗುತ್ತವೆ. ಸ್ಯಾಂಡ್‌ವಿಚ್‌ಗೆ ನೀರಿನದೇ ಒಳ್ಳೇದು. ಕೊಳ್ಳುವಾಗ ಟಿನ್ ತಿರುಗಿಸಿ ನೋಡಿ. ಉಬ್ಬಿದ್ದರೆ, ಅಂಚಿನ ಹೊಲಿಗೆಯ ಹತ್ತಿರ ನಗ್ಗಿದ್ದರೆ, ತುಕ್ಕು ಹಿಡಿದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಮನೆಯಲ್ಲಿ ತೆರೆಯುವಾಗ ರಸ ಚಿಮ್ಮಿದರೂ ಅಷ್ಟೇ, ರುಚಿ ನೋಡುವ ಸಾಹಸ ಮಾಡಬೇಡಿ, ಎಸೆದುಬಿಡಿ.

ಮೀನನ್ನು ಟೀ ಸೋಸುವ ಜಾಲರಿಗೆ ಸುರಿದು, ಚಮಚದಲ್ಲಿ ಒತ್ತಿ ನೀರು ಬಸಿಯಿರಿ. ಇಲ್ಲಿ ಅವಸರ ಮಾಡಿದರೆ ಬ್ರೆಡ್ ಮುದ್ದೆಯಾಗುತ್ತದೆ. ಬಸಿದ ಮೇಲೆ ಉಳಿಯುವುದು ಸುಮಾರು 130 ಗ್ರಾಂ ಮೀನು. ಕಡಿಮೆ ಅನ್ನಿಸಿತಾ? ಅಷ್ಟರಲ್ಲೇ ಐದು ಮೊಟ್ಟೆಯಲ್ಲಿರುವಷ್ಟು ಪ್ರೋಟೀನ್ ಇರುತ್ತದೆ. ಅದಕ್ಕೆ ಸಣ್ಣಗೆ ಹೆಚ್ಚಿದ ಒಂದು ಪುಟ್ಟ ಈರುಳ್ಳಿ, ತಿರುಳು ತೆಗೆದು ಹೆಚ್ಚಿದ ಅರ್ಧ ಸೌತೆಕಾಯಿ, ಒಂದು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ, ಅರ್ಧ ಹೋಳು ನಿಂಬೆರಸ ಹಾಕಿ. ಉಪ್ಪು ಹಾಕುವ ಮೊದಲು ರುಚಿ ನೋಡಿ, ಟಿನ್ ಮೀನಿನಲ್ಲೇ ಉಪ್ಪಿರುತ್ತದೆ. ಅಮೆರಿಕದವರು ಇದಕ್ಕೆ ವಿನಿಗರ್‌ನಲ್ಲಿ ನೆನೆಸಿದ ಗರ್ಕಿನ್ ಅನ್ನೋ ಮಿಡಿಸೌತೆಯನ್ನೂ ಹೆಚ್ಚಿ ಹಾಕುತ್ತಾರೆ. ಅದನ್ನು ಬೆಳೆದು ಬಾಟಲಿಗೆ ತುಂಬಿ ಹಡಗು ಹತ್ತಿಸುವವರಲ್ಲಿ ನಮ್ಮ ಕರ್ನಾಟಕದ ರೈತರೇ ಮುಂದು. ಆದರೆ ನಮ್ಮ ಅಡುಗೆಮನೆಗಳಿಗೆ ಅದು ಬರುವುದು ಅಪರೂಪ. ಸಿಕ್ಕರೆ ಹಾಕಿ, ಇಲ್ಲದಿದ್ದರೆ ಉಪ್ಪಿನಲ್ಲಿಟ್ಟ ಮಾವಿನಕಾಯಿ ಎರಡು ಚೂರು ಹಾಕಿ ನೋಡಿ. ನಮ್ಮ ಕೇಳಿದರೆ ಅದೇ ಹೆಚ್ಚು ರುಚಿ.

ಎಲ್ಲವನ್ನೂ ಹಿಡಿದಿಡಲು ಮಯೋನೀಸ್ ಬೇಕಲ್ಲ? ಹಸಿ ಮೊಟ್ಟೆಯಿಂದ ಮನೆಯಲ್ಲೇ ಮಾಡುವ ಮಯೋನೀಸನ್ನು ನಾವು ಹೇಳಿಕೊಡುವುದಿಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರಬಹುದು. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆ ಮಯೋನೀಸ್ ಮಾರಾಟಕ್ಕೆ ನಿಷೇಧ ಹೇರಿದ್ದು ಸುಮ್ಮನೆ ಅಲ್ಲ. ಅಂಗಡಿಯ ಎಗ್‌ಲೆಸ್ ಮಯೋನೀಸ್ ಎರಡು ಚಮಚ ಹಾಕಬಹುದು. ಅದಕ್ಕಿಂತ ಒಳ್ಳೇದು, ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ಎರಡು ಗಂಟೆ ನೀರು ಬಸಿದು, ಆ ಗಟ್ಟಿ ಮೊಸರನ್ನು ಮೂರು ದೊಡ್ಡ ಚಮಚ ಹಾಕಿ ಕಲಸುವುದು.

‘ಅಯ್ಯೋ, ಮೀನಿಗೆ ಮೊಸರಾ? ತೊನ್ನು ಬರಲ್ವಾ?’ ಅಂತ ಅತ್ತೆಯವರು ಕೇಳಿಯೇ ಕೇಳುತ್ತಾರೆ. ಮೀನು, ಹಾಲು ಸೇರಬಾರದು ಅನ್ನೋದು ಹಳೆಯ ಮಾತು, ಆಯುರ್ವೇದದಲ್ಲೂ ಇವೆರಡನ್ನು ವಿರುದ್ಧಾಹಾರ ಅಂತಾರೆ. ಆದರೆ ತೊನ್ನು ಬರುವುದು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ತಿರುಗಿಬೀಳುವುದರಿಂದ. ಮೀನು ಮೊಸರಿಗೂ ಅದಕ್ಕೂ ಸಂಬಂಧವಿಲ್ಲ. ಬಂಗಾಳಿಗಳು ಮೊಸರಿನಲ್ಲೇ ಮೀನು ಬೇಯಿಸಿ ‘ದೊಯಿ ಮಾಛ್’ ಅಂತ ಮದುವೆ ಮನೆಯಲ್ಲೂ ಬಡಿಸುತ್ತಾರೆ. ಇಷ್ಟು ಹೇಳಿದರೂ ಹಿರಿಯರಿಗೆ ಮನಸ್ಸು ಒಪ್ಪದಿದ್ದರೆ ಜಗಳ ಯಾಕೆ? ಅವರ ಪಾಲಿಗೆ ಬೆಣ್ಣೆ, ನಿಂಬೆರಸವಷ್ಟೇ ಹಾಕಿ ಕಲಸಿ, ಅದೂ ಚೆನ್ನಾಗಿರುತ್ತೆ.

ಇನ್ನು ಬ್ರೆಡ್. ನಿಮ್ಮ ಬೀದಿಯ ಬೇಕರಿಯಲ್ಲಿ ಮಿಲ್ಕ್ ಬ್ರೆಡ್ ಬದಲು ಸ್ಯಾಂಡ್‌ವಿಚ್ ಬ್ರೆಡ್ ಕೇಳಿ, ಸಿಹಿ ಬ್ರೆಡ್ಡಿಗೂ ಮೀನಿಗೂ ಆಗಿಬರುವುದಿಲ್ಲ. ಎರಡೂ ಹೋಳಿನ ಒಳಬದಿಗೆ ಬೆಣ್ಣೆ ಸವರಿ. ರುಚಿಗಷ್ಟೇ ಅಲ್ಲ, ಬೆಣ್ಣೆಯ ಪದರ ಇದ್ದರೆ ನೀರು ಬ್ರೆಡ್ಡಿಗೆ ಇಳಿಯುವುದಿಲ್ಲ. ಮೀನಿನ ಮಿಶ್ರಣ ಹರಡಿ, ಮುಚ್ಚಿ, ಒತ್ತದೆ ಕತ್ತರಿಸಿ. ಗರಿಗರಿ ಬೇಕೆನ್ನುವವರು ಬರೀ ಬ್ರೆಡ್ಡನ್ನು ಮೊದಲೇ ಕಾವಲಿಯ ಮೇಲೆ ಕೆಂಪಗೆ ಮಾಡಿಕೊಳ್ಳಿ.

ಆ ಐದೂವರೆ ಗಂಟೆ

ಈಗ ಮುಖ್ಯ ವಿಚಾರಕ್ಕೆ ಬರೋಣ. ಟಿನ್ ಮುಚ್ಚಿರುವವರೆಗೆ ಒಳಗಿನ ಮೀನು ಭದ್ರ. ಮುಚ್ಚಿದ ಮೇಲೆ ಕಾರ್ಖಾನೆಯಲ್ಲಿ ಅದನ್ನು ಒತ್ತಡದಲ್ಲಿ, ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ಬೇಯಿಸಿರುತ್ತಾರೆ, ಒಳಗೆ ರೋಗಾಣು ಉಳಿದಿರುವುದಿಲ್ಲ. ಆದರೆ ನೀವು ಮುಚ್ಚಳ ಎಳೆದ ಕ್ಷಣದಿಂದ ಅದು ಮಾಮೂಲಿ ಬೇಯಿಸಿದ ಮೀನು. ಅದಕ್ಕೆ ಕೈ ತಾಗಿತು, ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿತು, ಮೊಸರು ಬಿತ್ತು. ‘ಟಿನ್ ಮೀನಲ್ವಾ, ಎರಡು ವರ್ಷ ಇರುತ್ತೆ’ ಅನ್ನೋ ಧೈರ್ಯ ಆ ಕ್ಷಣಕ್ಕೇ ಮುಗಿಯಿತು.

ಟ್ಯೂನಾ ಬಳಗಕ್ಕೆ ಇನ್ನೊಂದು ತಾಪತ್ರಯವೂ ಇದೆ. ಅದರ ಮಾಂಸದಲ್ಲಿ ಹಿಸ್ಟಿಡಿನ್ ಅನ್ನೋ ಅಂಶ ಹೆಚ್ಚು. ಮೀನು ಬೆಚ್ಚಗೆ ಕೂತರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ, ಕತ್ತು ಕೆಂಪಾಗುವುದು, ಮೈ ತುರಿಕೆ, ತಲೆನೋವು, ಎದೆಬಡಿತ, ವಾಂತಿ ಭೇದಿ ಶುರುವಾಗುತ್ತದೆ. ನೋಡಿದವರು ‘ಮೀನು ಅಲರ್ಜಿ’ ಅಂದುಬಿಡುತ್ತಾರೆ. ಮೀನು ಹಳಸಿದ ವಾಸನೆ ಬರಲೇಬೇಕು ಅಂತಿಲ್ಲ, ಬಾಯಿಗಿಟ್ಟಾಗ ಮೆಣಸು ಕಚ್ಚಿದ ಹಾಗೆ ನಾಲಗೆ ಚುರುಗುಟ್ಟಿದರೆ ಅದೇ ಸೂಚನೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಫ್ರೀಜರ್‌ನಲ್ಲಿಟ್ಟರೂ ಹೋಗುವುದಿಲ್ಲ. ಹೀಗಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ, ಏನು ತಿಂದದ್ದು ಅಂತ ಹೇಳಿ. ಉಸಿರಾಟಕ್ಕೆ ತೊಂದರೆಯಾದರೆ ನೇರ ಆಸ್ಪತ್ರೆಗೆ.

ಕಲಸಿದ ಮೀನನ್ನು ಫ್ರಿಜ್‌ನಿಂದ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹೊರಗಿನ ಸೆಖೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ‘ನಮ್ಮ ಬೆಂಗಳೂರು ತಂಪಲ್ವಾ’ ಅನ್ನುವವರಿಗೆ ನೆನಪಿರಲಿ, 2016ರ ಏಪ್ರಿಲ್‌ನಲ್ಲಿ ಇಲ್ಲೇ 39 ಡಿಗ್ರಿ ದಾಟಿತ್ತು. ಬಿಸಿಲಲ್ಲಿ ನಿಂತ ಸ್ಕೂಲ್ ವ್ಯಾನಿನೊಳಗೆ, ಬ್ಯಾಗಿನೊಳಗೆ, ಮುಚ್ಚಿದ ಡಬ್ಬಿಯೊಳಗೆ ಎಷ್ಟಿರುತ್ತೆ ಅಂತ ನೀವೇ ಊಹಿಸಿ.

ಅದಕ್ಕೇ ನಮ್ಮ ಸಲಹೆ ಇಷ್ಟೇ. ಟ್ಯೂನಾ ಸ್ಯಾಂಡ್‌ವಿಚ್ಚನ್ನು ಮಕ್ಕಳ ಡಬ್ಬಿಗೆ ಹಾಕಬೇಡಿ. ‘ಐಸ್ ಪ್ಯಾಕ್ ಇಟ್ಟು ಕಳಿಸಿದರೆ?’ ಅಂತ ಕೇಳಬಹುದು. ದಪ್ಪ ಇನ್ಸುಲೇಟೆಡ್ ಬ್ಯಾಗ್, ಮೇಲೊಂದು ಕೆಳಗೊಂದು ಗಡ್ಡೆ ಕಟ್ಟಿದ ಐಸ್ ಪ್ಯಾಕ್ ಇದ್ದರೆ ಸರಿ, ವಿದೇಶಗಳಲ್ಲಿ ಹಾಗೇ ಕಳಿಸುತ್ತಾರೆ. ಆದರೆ ಎಂಟು ವರ್ಷದ ಮಗು ಒಂಬತ್ತೂವರೆ ಬ್ರೇಕ್‌ನಲ್ಲಿ ಅರ್ಧ ತಿಂದು, ಉಳಿದದ್ದನ್ನು ಬ್ಯಾಗಿನ ಹೊರಜೇಬಿಗೆ ತುರುಕಿ, ಮಧ್ಯಾಹ್ನ ಮತ್ತೆ ತೆಗೆಯುತ್ತದೆ. ಅದನ್ನು ತಡೆಯೋಕೆ ನೀವಲ್ಲಿ ಇರುವುದಿಲ್ಲ. ಶಾಲೆಗೆ ಮಾಂಸಾಹಾರ ತರಬಾರದು ಅನ್ನೋ ನಿಯಮ ಇರುವ ಕಡೆಯಂತೂ ಈ ಪ್ರಶ್ನೆಯೇ ಬರುವುದಿಲ್ಲ. ಡಬ್ಬಿಗೆ ಸ್ಯಾಂಡ್‌ವಿಚ್ಚೇ ಬೇಕು ಅಂತ ಹಟ ಮಾಡಿದರೆ ಬೆಣ್ಣೆ ಸವರಿ ಶೇಂಗಾ ಚಟ್ನಿಪುಡಿ ಉದುರಿಸಿ ಕೊಡಿ. ಮೀನಿನದನ್ನು ಸಂಜೆ ಶಾಲೆಯಿಂದ ಬಂದ ಮೇಲೆ ಕಣ್ಣೆದುರು ಮಾಡಿಕೊಡಿ, ತಟ್ಟೆಯಿಂದ ನೇರ ಹೊಟ್ಟೆಗೆ ಹೋಗಲಿ.

ಉದ್ಯೋಗಕ್ಕೆ ಹೋಗುವವರ ಕತೆ ಬೇರೆ. ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಒಂದು ಗಂಟೆಯಲ್ಲಿ ಆಫೀಸ್ ಸೇರಿ, ಡಬ್ಬಿಯನ್ನು ಅಲ್ಲಿನ ಫ್ರಿಜ್‌ಗೆ ಇಡುವ ಹಾಗಿದ್ದರೆ ಐಸ್ ಪ್ಯಾಕ್ ಜತೆ ಒಯ್ಯಬಹುದು. ಮೀನಿನ ಮಿಶ್ರಣ ಬೇರೆ, ಬ್ರೆಡ್ ಬೇರೆ ಇಟ್ಟುಕೊಂಡು ತಿನ್ನುವಾಗ ಸೇರಿಸಿ. ಪಕ್ಕದ ಸೀಟಿನವರ ಮುಖ ಸಣ್ಣಗಾದರೆ ಕ್ಯಾಂಟೀನ್ ಕಡೆಗೆ ಹೋಗಿ ತಿನ್ನಿ!

ಉಳಿದ ಮೀನನ್ನು ಟಿನ್‌ನಲ್ಲೇ ಬಿಟ್ಟು ಫ್ರಿಜ್‌ಗೆ ತಳ್ಳುವ ಅಭ್ಯಾಸ ಬೇಡ. ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ಬದಲಾಯಿಸಿ, ಮುಚ್ಚಿ, ಮರುದಿನದೊಳಗೆ ಮುಗಿಸಿ. ಕರೆಂಟ್ ಹೋಗಿ ಬಹಳ ಹೊತ್ತಾಗಿದ್ದರೆ ಆಸೆ ಬಿಟ್ಟುಬಿಡಿ.

ಗರ್ಭಿಣಿ ಸೊಸೆಗೆ ಕೊಡಬಹುದಾ?

ಕೊಡಬಹುದು, ಲೆಕ್ಕ ಇಟ್ಟು. ಸಮುದ್ರದ ದೊಡ್ಡ ಮೀನುಗಳು ಚಿಕ್ಕ ಮೀನುಗಳನ್ನು ತಿಂದು ಬದುಕುತ್ತವೆ, ಹಾಗಾಗಿ ನೀರಿನಲ್ಲಿರುವ ಪಾದರಸದ ಅಂಶ ದೊಡ್ಡ ಮೀನಿನ ಮೈಯಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಅದು ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಒಳ್ಳೆಯದಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಹೇಳುವುದು ಹೀಗೆ: ‘ಲೈಟ್’ ಅಂತ ಬರೆದಿರುವ, ಅಂದರೆ ಸ್ಕಿಪ್‌ಜಾಕ್‌ನಂಥ ಸಣ್ಣ ಬಗೆಯ ಟಿನ್ ಟ್ಯೂನಾ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 110 ಗ್ರಾಂ. ‘ಆಲ್ಬಕೋರ್’ ಅಥವಾ ‘ಯೆಲ್ಲೋಫಿನ್’ ಆದರೆ ವಾರಕ್ಕೆ ಒಂದೇ ಸಲ, ಆ ವಾರ ಬೇರೆ ಮೀನು ಬೇಡ. ‘ಬಿಗ್‌ಐ’ ಬೇಡವೇ ಬೇಡ. ಲೇಬಲ್ ಮೇಲೆ ಬಗೆಯ ಹೆಸರೇ ಇಲ್ಲದಿದ್ದರೆ ವಾರಕ್ಕೊಂದು ಸಲ ಅಂತ ಇಟ್ಟುಕೊಳ್ಳಿ. ಪುಟ್ಟ ಮಕ್ಕಳಿಗೆ ಪ್ರಮಾಣ ಇನ್ನೂ ಕಡಿಮೆ.

ನಮ್ಮನ್ನು ಕೇಳಿದರೆ ಬಸುರಿ ಹೆಂಗಸಿಗೆ ಟ್ಯೂನಾಕ್ಕಿಂತ ನಮ್ಮ ಬೂತಾಯಿ ಸಾರೇ ಮೇಲು. ಚಿಕ್ಕ ಮೀನು, ಪಾದರಸ ಕಡಿಮೆ, ಮಗುವಿಗೆ ಬೇಕಾದ ಒಮೇಗಾ-3 ಕೊಬ್ಬು ಧಾರಾಳ, ಬೆಲೆಯೂ ಕೈಗೆಟುಕುವಂಥದ್ದು. ಬಯಕೆ ಅಂತ ಕೇಳಿದಾಗ ಒಂದು ಸ್ಯಾಂಡ್‌ವಿಚ್ ಮಾಡಿಕೊಡಿ, ಯಾರೂ ಬೇಡ ಅನ್ನಲ್ಲ. ಆದರೆ ಫ್ರಿಜ್‌ನಲ್ಲಿಟ್ಟ ನಿನ್ನೆಯದನ್ನು ಮಾತ್ರ ಕೊಡಬೇಡಿ.

ಟಿನ್ ಬೇಡ, ತಾಜಾ ಮೀನೇ ಬೇಕೆನ್ನುವವರಿಗೆ

ಕರಾವಳಿಯ ಮೀನು ರಾತ್ರಿಯಿಡೀ ಐಸ್‌ನಲ್ಲಿ ಪ್ರಯಾಣ ಮಾಡಿ ಬೆಳಗಾಗುವಷ್ಟರಲ್ಲಿ ಬೆಂಗಳೂರು ಸೇರುತ್ತದೆ. ನಿಮ್ಮ ಬಡಾವಣೆಯ ಮಂಗಳೂರು ಮೀನಿನ ಅಂಗಡಿಯಲ್ಲಿ ‘ಕೇದರ್ ಬಂದಿದೆಯಾ’ ಅಂತ ಒಂದು ದಿನ ಮೊದಲೇ ಕೇಳಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಆಸೆ ಬೇಡ, ಆಗ ಟಿನ್ ಇದ್ದೇ ಇದೆ. ಹಿಸ್ಟಮಿನ್ ಭಯ ಟಿನ್‌ಗಿಂತ ತಾಜಾ ಮೀನಿನಲ್ಲೇ ಹೆಚ್ಚು ಅನ್ನೋದು ಗಮನದಲ್ಲಿರಲಿ. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಮೀನು ಐಸ್‌ನ ಮೇಲಲ್ಲ, ಐಸ್‌ನ ಒಳಗೆ ಹೂತಿರಬೇಕು. ತಟ್ಟೆಯಲ್ಲಿ ಪ್ರದರ್ಶನಕ್ಕಿಟ್ಟ ಮೀನು ಎಷ್ಟು ಚೆಂದ ಕಂಡರೂ ಬಿಟ್ಟುಬನ್ನಿ.

ಅರ್ಧ ಕೆಜಿ ಮೀನಿನ ದಪ್ಪ ತುಂಡುಗಳನ್ನು ಅರಿಶಿನ, ಉಪ್ಪು, ಜಜ್ಜಿದ ಶುಂಠಿ, ಕಾಳುಮೆಣಸು ಹಾಕಿದ ನೀರಿನಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿ. ಆರಿದ ಮೇಲೆ ಮುಳ್ಳು, ಚರ್ಮ ತೆಗೆಯಿರಿ. ನಡುವೆ ಕಪ್ಪುಗೆಂಪು ಪಟ್ಟಿಯೊಂದು ಕಾಣುತ್ತದಲ್ಲ, ವಾಸನೆಯೆಲ್ಲ ಇರುವುದು ಅದರಲ್ಲೇ. ಸ್ಯಾಂಡ್‌ವಿಚ್‌ಗೆ ಅದನ್ನು ಬೇರೆ ತೆಗೆದು ಹುಳಿ ಖಾರ ಹಾಕಿ ಸುಕ್ಕ ಮಾಡಿಕೊಳ್ಳಿ. ಉಳಿದ ಭಾಗವನ್ನು ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿದರೆ ಟಿನ್ ಟ್ಯೂನಾಕ್ಕಿಂತ ಮೆದು.

ಬಾಡಿಗೆ ಮನೆಯ ಸಂಕಟ

ಪಶ್ಚಿಮ ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ‘ವೆಜ್ ಓನ್ಲಿ’ ಬೋರ್ಡಿನ ಪರಿಚಯ ಇದ್ದೇ ಇರುತ್ತದೆ. ಒಬ್ಬರೇ ರೂಮ್ ಮಾಡಿಕೊಂಡಿರುವ ಹುಡುಗಿಯರಿಗೆ ಟಿನ್ ಮೀನು ಇಷ್ಟವಾಗುವುದು ಅದಕ್ಕೂ ಇರಬಹುದು. ಹುರಿಯುವ ವಾಸನೆ ಇಲ್ಲ, ಯಾರಿಗೂ ಗೊತ್ತಾಗಲ್ಲ. ನಿಮ್ಮ ತಟ್ಟೆಯಲ್ಲಿ ಏನಿರಬೇಕು ಅಂತ ಹೇಳುವ ಹಕ್ಕು ಮನೆ ಮಾಲೀಕರಿಗೆ ಇದೆಯಾ? ಇಲ್ಲ ಅನ್ನೋದು ನಮ್ಮ ಅಭಿಪ್ರಾಯ. ಆದರೆ ಮಾಡಲ್ಲ ಅಂತ ಒಪ್ಪಿಕೊಂಡು ಬಂದು, ಮೇಲಿನ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಕದ್ದು ತಿನ್ನುವ ಬದುಕು ನಿಮಗೇ ಹಿಂಸೆ. ಅಡ್ವಾನ್ಸ್ ಕೊಡುವ ಮೊದಲೇ ಬಾಯಿಬಿಟ್ಟು ಕೇಳಿ. ಎರಡು ಮನೆ ಕೈತಪ್ಪಬಹುದು, ಮೂರನೆಯದು ಸಿಗುತ್ತದೆ.

ಮನೆಯೊಳಗೇ ತಿನ್ನುವವರು, ತಿನ್ನದವರು ಇಬ್ಬರೂ ಇದ್ದರೆ ಒಂದು ಚಾಕು, ಒಂದು ಹೆಚ್ಚುವ ಮಣೆ, ಎರಡು ತಟ್ಟೆ ಬೇರೆ ಇಟ್ಟುಬಿಡಿ. ನೂರು ಮಾತಿನಲ್ಲಿ ಆಗದ್ದು ಅದರಲ್ಲಿ ಆಗುತ್ತದೆ. ಪಾತ್ರೆಗೆ ಅಂಟಿದ ವಾಸನೆಗೆ ಕಡಲೆಹಿಟ್ಟು, ನಿಂಬೆ ಸಿಪ್ಪೆ ಹಾಕಿ ಉಜ್ಜಿ, ತಣ್ಣೀರಲ್ಲಿ ತೊಳೆಯಿರಿ. ಖಾಲಿ ಟಿನ್ನನ್ನೂ ಸೋಪು ಹಾಕಿ ತೊಳೆದು, ಬ್ಲೇಡಿನಷ್ಟು ಹರಿತವಾಗಿರುವ ಆ ಮುಚ್ಚಳವನ್ನು ಟಿನ್‌ನ ಒಳಗೆ ತಳ್ಳಿ, ಬಾಯಿ ಅಮುಕಿ, ಪೇಪರ್ ಸುತ್ತಿ ಒಣಕಸಕ್ಕೆ ಹಾಕಿ. ಬೆಳಿಗ್ಗೆ ಕಸದ ಆಟೋದಲ್ಲಿ ಅದನ್ನು ಬರಿಗೈಯಲ್ಲಿ ಬೇರ್ಪಡಿಸುವವರೂ ಒಬ್ಬ ಹೆಂಗಸೇ ಇರಬಹುದು.